ನಕ್ಷೆ ಕಚೇರಿಯ ಬೀಗದಕ್ಕ

ಬೆಳಗಿನ ಐದೂ ನಲವತ್ತು. ನಕ್ಷೆ ಕಚೇರಿಯ ನೆಲಮಾಳಿಗೆಯಲ್ಲಿರುವ ಮುದ್ರಣದ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮಂಚದಷ್ಟು ಉದ್ದದ ನಕ್ಷೆ ಪ್ರಿಂಟರಿನ ಪಕ್ಕ, ಬೆನ್ನಿಗೆ ಒರಗು ಇಲ್ಲದ ಸ್ಟೂಲಿನ ಮೇಲೆ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ತಲೆಗೂದಲು ಇನ್ನೂ ಆರಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಎದುರಿನ ಪರದೆಯ ಮೇಲೆ ಒಂದೇ ಸಾಲು: 'ಲೈಸೆನ್ಸ್ ಲಭ್ಯವಿಲ್ಲ.' ಅದನ್ನು ಅವರು ಎರಡನೇ ಸಲ ಓದುವುದಿಲ್ಲ. ಬಾಗಿಲಲ್ಲಿ ನಿಂತಿರುವ ಹಿರಿಯ ನಕ್ಷೆಗಾರರ ಕಡೆ ತಿರುಗುತ್ತಾರೆ.

"ಪರದೆ ಹೇಳಿದ್ದು ಗೊತ್ತಾಯ್ತು. ಅದಕ್ಕೂ ಮುಂಚೆ ನೀವೇನು ಮಾಡಿದ್ರಿ?"

"ನಾನಾ? ನಾನೇನೂ ಮಾಡಿಲ್ಲಮ್ಮ."

ಹೆಂಗಸು ಪಕ್ಕದಲ್ಲಿದ್ದ ನೋಟ್‌ಬುಕ್ ತೆರೆದು ಎರಡಕ್ಷರ ಬರೆಯುತ್ತಾರೆ: ಏ. ಮಾ. 'ಏನೂ ಮಾಡಿಲ್ಲ' ಎಂಬುದರ ಮೊಟಕು ರೂಪ. ಮತ್ತೆ ಮತ್ತೆ ಕೇಳುವ ಮಾತನ್ನು ಪೂರ್ತಿ ಬರೆದು ಕೈ ನೋಯಿಸಿಕೊಳ್ಳುವುದೇಕೆಂದು ಹದಿನೈದು ವರ್ಷದ ಹಿಂದೆಯೇ ಕಂಡುಕೊಂಡ ಉಪಾಯ ಇದು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಬೀಗದಕ್ಕ ಎಂದು ಕರೆಯುತ್ತಾರೆ. ಊರಿನ ರಸ್ತೆ, ಚರಂಡಿ, ನೀರಿನ ಕೊಳವೆ, ವಿದ್ಯುತ್ ಕೇಬಲ್‌ಗಳ ನಕ್ಷೆ ಬರೆಯುವ ಕಚೇರಿ ಇದು. ಕಂಪ್ಯೂಟರ್ ಮುಂದೆ ಕೂರುವವರು ನಲವತ್ತೇಳು ಜನ. ನಕ್ಷೆಯ ಸಾಫ್ಟ್‌ವೇರಿಗಿರುವ ಲೈಸೆನ್ಸು ಹನ್ನೆರಡು. ಅಂದರೆ ಒಂದು ಹೊತ್ತಿಗೆ ಹನ್ನೆರಡು ಜನ ಮಾತ್ರ ಅದನ್ನು ಬಳಸಬಹುದು. ಹದಿಮೂರನೆಯವರಿಗೆ ಬಾಗಿಲು ತೆರೆಯುವುದಿಲ್ಲ. ಈ ಹನ್ನೆರಡು ಕೀಲಿಕೈಗಳನ್ನು ಕೊಡುವ, ವಾಪಸ್ ಪಡೆಯುವ ಕೆಲಸ ಮುದ್ರಣದ ಕೋಣೆಯ ಹಳೇ ಕಂಪ್ಯೂಟರಿನಲ್ಲಿರುವ 'ಬೀಗ' ಎಂಬ ಪ್ರೋಗ್ರಾಮಿನದು. ಅದು ಮುನಿಸಿಕೊಂಡಾಗ ಸಮಾಧಾನ ಮಾಡುವ ಕೆಲಸ ಬೀಗದಕ್ಕನದು.

ಇವತ್ತು, ಒಂಬತ್ತನೇ ತಾರೀಖು ಸೋಮವಾರ, ಅದು ಮುನಿಸಿಕೊಳ್ಳಬಾರದಿತ್ತು. ಕಳೆದ ಬುಧವಾರ ಆಸ್ಪತ್ರೆ ರಸ್ತೆಯ ಅಡಿಯಲ್ಲಿ ದೊಡ್ಡ ನೀರಿನ ಕೊಳವೆ ಬಿರುಕು ಬಿಟ್ಟಿದೆ. ಆಸ್ಪತ್ರೆಯ ಮೇಲಿನ ಎರಡು ಮಹಡಿಗೆ ನೀರು ಏರುತ್ತಿಲ್ಲ. ಆಯಾಗಳು ಬಕೆಟ್ ಹೊರುತ್ತಿದ್ದಾರೆ. ಇವತ್ತು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ನೀರು ನಿಲ್ಲಿಸಿ ರಿಪೇರಿ ಮಾಡಲು ಆಸ್ಪತ್ರೆಯವರು ಒಪ್ಪಿದ್ದಾರೆ. ಈ ಹೊತ್ತು ತಪ್ಪಿದರೆ ಮುಂದಿನ ಸೋಮವಾರ. ಕೊಳವೆಯ ಮಗ್ಗುಲಲ್ಲೇ ಆಸ್ಪತ್ರೆಗೆ ಹೋಗುವ ವಿದ್ಯುತ್ ಕೇಬಲ್ ಇದೆ, ಅದರ ಜಾಗ ಕಳೆದ ತಿಂಗಳು ಬದಲಾಗಿದೆ. ಹೊಸ ಜಾಗವನ್ನು ಗುರುವಾರ ಅಳೆದು, ಶನಿವಾರ ಕಂಪ್ಯೂಟರಿನಲ್ಲಿ ಬರೆದು ಮುಗಿಸಲಾಗಿದೆ, ಮುದ್ರಣವೊಂದೇ ಬಾಕಿ. ಹಳೇ ಕಾಗದದ ನಕ್ಷೆ ನಂಬಿ ಅಗೆದರೆ ಹಾರೆ ನೇರವಾಗಿ ಕೇಬಲಿನ ಮೇಲೆ ಬೀಳುತ್ತದೆ. ಹೊಸ ನಕ್ಷೆ ಬೀಗದ ಆಚೆ ಕೂತಿದೆ.

ನೀರಿನ ವಿಭಾಗದ ಮೇಸ್ತ್ರಿಯ ಫೋನು ಆಗಲೇ ಎರಡು ಸಲ ಬಂದಿದೆ. "ಅಕ್ಕಾ, ಎಂಟಕ್ಕೆ ಮುಂಚೆ ನಕ್ಷೆ ನನ್ನ ಕೈಲಿರಬೇಕು. ಇಲ್ಲಾಂದ್ರೆ ನಾನು ಒಂದು ಗುದ್ದಲಿ ಮಣ್ಣೂ ಎತ್ತಲ್ಲ. ಹೋದ ಸಲ ಅಂದಾಜಲ್ಲಿ ಅಗೆದು ಆದದ್ದು ಸಾಕು."

"ನೀವು ಕೂತ್ಕೊಂಡು ಟೀ ಕುಡೀರಿ ಮೇಸ್ತ್ರಿ. ಹಾರೆ ಕೈಲಿ ಹಿಡ್ಕೊಂಡು ಫೋನ್ ಮಾಡಿದ್ರೆ ನನಗೆ ಭಯ ಆಗುತ್ತೆ."

ಬೀಗದಕ್ಕ ಈ ಕಚೇರಿಗೆ ಬಂದದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ, ಟ್ರೇಸರ್ ಆಗಿ. ಮೂಲ ನಕ್ಷೆಯ ಮೇಲೆ ತೆಳು ಹಾಳೆ ಹರಡಿ, ಮಸಿ ಪೆನ್ನಿನಲ್ಲಿ ಗೆರೆ ಗೆರೆಯಾಗಿ ನಕಲು ತೆಗೆಯುವ ಕೆಲಸ. ಅವರ ಕೈಯಕ್ಷರ ಎಷ್ಟು ಒಪ್ಪವಾಗಿತ್ತೆಂದರೆ ರಸ್ತೆಗಳ ಹೆಸರು ಬರೆಯಲು ಬೇರೆ ಮೇಜಿನವರೂ ಹಾಳೆ ತಂದು ಅವರ ಮುಂದಿಡುತ್ತಿದ್ದರು. ಹದಿನಾಲ್ಕು ವರ್ಷ ಹಾಗೆ ನಡೆಯಿತು. ಆಮೇಲೆ ಓರೆ ಮೇಜುಗಳೆಲ್ಲ ಹೋದವು, ಕಂಪ್ಯೂಟರ್ ಬಂದವು. ಪರದೆಯ ಮೇಲೆ ನಕ್ಷೆ ಬರೆಯುವ ಪರೀಕ್ಷೆಯಲ್ಲಿ ಅವರು ಎರಡು ಸಲ ಫೇಲಾದರು.

"ಪೆನ್ನು ಹಿಡಿದ್ರೆ ಗೆರೆ ನಾನು ಹೇಳಿದ ಕಡೆ ಹೋಗ್ತಿತ್ತು. ಮೌಸ್ ಹಿಡಿದ್ರೆ ಅದು ಹೇಳಿದ ಕಡೆ ನಾನು ಹೋಗ್ತಿದ್ದೆ," ಎಂದು ನಗುತ್ತಾರೆ. ಆಗ ನಗು ಬಂದಿರಲಿಲ್ಲವಂತೆ. ಉಗ್ರಾಣಕ್ಕೆ ವರ್ಗ ಮಾಡಿದರು. ಕಾಗದದ ರೀಮು ಎಣಿಸುವ ಜಾಗ ಅದು; ಮೂರು ತಿಂಗಳು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಸಾಫ್ಟ್‌ವೇರಿನ ಪೆಟ್ಟಿಗೆ ಬಂದಿಳಿದದ್ದು ಅದೇ ಉಗ್ರಾಣಕ್ಕೆ. ಅದರೊಳಗೆ ಹೆಬ್ಬೆರಳಿನಷ್ಟು ಉದ್ದದ ಹನ್ನೆರಡು ತುಂಡುಗಳಿದ್ದವು. ಕಂಪ್ಯೂಟರಿನ ಹಿಂಬದಿಗೆ ಅದನ್ನು ಚುಚ್ಚಿದರೆ ಮಾತ್ರ ನಕ್ಷೆ ತೆರೆಯುತ್ತಿತ್ತು. ಜತೆಗೆ ಮುನ್ನೂರು ಪುಟದ ಇಂಗ್ಲಿಷ್ ಕೈಪಿಡಿ. ಯಾರೂ ಅದನ್ನು ಮುಟ್ಟಲಿಲ್ಲ. ಉಗ್ರಾಣದಲ್ಲಿ ಬೇರೆ ಕೆಲಸವಿಲ್ಲದ ಹೆಂಗಸು ನಿಘಂಟು ಪಕ್ಕಕ್ಕಿಟ್ಟುಕೊಂಡು ನಾಲ್ಕು ತಿಂಗಳಲ್ಲಿ ಓದಿ ಮುಗಿಸಿದರು. ಹನ್ನೆರಡೂ ತುಂಡುಗಳನ್ನು ಹಳೇ ಕನ್ನಡಕದ ಡಬ್ಬಿಗಳಲ್ಲಿ ಇಟ್ಟುಕೊಂಡು, ಬೆಳಿಗ್ಗೆ ಸಹಿ ಹಾಕಿಸಿ ಹಂಚಿ, ಸಂಜೆ ಎಣಿಸಿ ವಾಪಸ್ ಪಡೆಯುತ್ತಿದ್ದರು. ಬೀಗದಕ್ಕ ಎಂಬ ಹೆಸರು ಬಿದ್ದದ್ದು ಆಗ. ಮುಂದೆ ಆ ತುಂಡುಗಳು ಮಾಯವಾಗಿ ಕೀಲಿಕೈಗಳು ಕಂಪ್ಯೂಟರಿನ ಒಳಗೇ ಸೇರಿಕೊಂಡವು. ಹೆಸರು ಹಾಗೇ ಉಳಿಯಿತು. ಅದಕ್ಕೀಗ ಹತ್ತೊಂಬತ್ತು ವರ್ಷ.

ಆ ಹತ್ತೊಂಬತ್ತು ವರ್ಷ ಏಳು ನೋಟ್‌ಬುಕ್‌ಗಳಲ್ಲಿದೆ. ಪ್ರತಿ ಪುಟದಲ್ಲೂ ನಡುವೆ ಸ್ಕೇಲು ಹಿಡಿದು ಎಳೆದ ಒಂದು ಗೆರೆ. ಎಡಕ್ಕೆ 'ಪರದೆ ಹೇಳಿದ್ದು', ಬಲಕ್ಕೆ 'ನಿಜವಾಗಿ ಆದದ್ದು'. ಎಡಗಡೆ ಬಹುತೇಕ ಒಂದೇ ಪಾಠ: ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲ. ಬಲಗಡೆ ಮಾತ್ರ ಒಂದು ಊರಿಗಾಗುವಷ್ಟು ಕಥೆ. ಕಸ ಗುಡಿಸುವ ಯಂತ್ರದ ಪ್ಲಗ್ ಚುಚ್ಚಲು ಬೀಗವಿರುವ ಕಂಪ್ಯೂಟರಿನ ಪ್ಲಗ್ ಕಿತ್ತದ್ದು. ಒಬ್ಬರು ಲ್ಯಾಪ್‌ಟಾಪಿಗೆ ಕೀಲಿಕೈ ಎರವಲು ಪಡೆದು, ಅದರ ಸಮೇತ ಅತ್ತೆ ಮನೆಗೆ ಹೋಗಿ ಹದಿನೇಳು ದಿನ ಬರದೇ ಇದ್ದದ್ದು. ಕೆಟ್ಟ ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದಾಗ ಬೀಗವು ತನ್ನ ಕಂಪ್ಯೂಟರನ್ನೇ ಗುರುತಿಸದೆ ಹೋದದ್ದು. "ಆ ಕಾರ್ಡಿನ ನಂಬರೇ ಅದಕ್ಕೆ ಮನೆಯ ಗುರುತು. ಬಾಗಿಲ ನಂಬರ್ ಬದಲಾದ್ರೆ ಟಪಾಲಿನವನು ವಾಪಸ್ ಹೋಗಲ್ವಾ? ಹಂಗೆ."

ಕಳೆದ ವರ್ಷದ ಲೆಕ್ಕ ಕೇಳಿದರೆ ಬೆರಳು ಮಡಚದೆ ಹೇಳುತ್ತಾರೆ. ಒಟ್ಟು ದೂರು ನಾನೂರ ಹನ್ನೆರಡು. ಅದರಲ್ಲಿ ಇನ್ನೂರ ಮೂವತ್ತೊಂದು, ನಕ್ಷೆ ತೆರೆದಿಟ್ಟು ಊಟಕ್ಕೋ ಮೀಟಿಂಗಿಗೋ ಎದ್ದು ಹೋದವರದು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಳಿದ ಹಾಗೆ. ಉಳಿದದ್ದರಲ್ಲಿ ಹೆಚ್ಚಿನವು ತಂತಿ, ಪ್ಲಗ್, ಬದಲಾದ ಯಂತ್ರ, ಮುಗಿದ ಅವಧಿ. ತಾರೀಖಿನ ತೊಂದರೆ ಒಂಬತ್ತು. ಕಡಿಮೆ ಸಂಖ್ಯೆ, ಆದರೆ ಅವರಿಗೆ ಭಯವಿರುವುದು ಅದೊಂದರ ಬಗ್ಗೆಯೇ. ಬೇರೆ ತೊಂದರೆಯಲ್ಲಿ ಒಬ್ಬರೋ ಇಬ್ಬರೋ ಹೊರಗುಳಿಯುತ್ತಾರೆ. ತಾರೀಖು ಕೆಟ್ಟರೆ ಹನ್ನೆರಡೂ ಕೀಲಿಕೈ ಒಟ್ಟಿಗೆ ಹೋಗುತ್ತವೆ.

ಪುಸ್ತಕದಲ್ಲಿ ಒಂದು ವಿಷಯ ಎಲ್ಲೂ ಇಲ್ಲ. ಯಾರು ಮಾಡಿದರು ಎಂಬುದು. "ಏನಾಯ್ತು ಅಂತ ಗೊತ್ತಾದ್ರೆ ರಿಪೇರಿ ಆಗುತ್ತೆ. ಯಾರು ಅಂತ ಬರೆದ್ರೆ ಮುಂದಿನ ಸಲ ಅವರು ಹೇಳೋದೇ ಇಲ್ಲ."

ಆರು ಗಂಟೆ. ಬೀಗದಕ್ಕ ಸಾಫ್ಟ್‌ವೇರಿನ ದಿನಚರಿಯನ್ನು ತೆರೆಯುತ್ತಾರೆ. ಬೀಗ ತಾನು ನಿಮಿಷ ನಿಮಿಷಕ್ಕೂ ಮಾಡಿದ್ದನ್ನು ಸಾಲಾಗಿ ಬರೆದಿಡುವ ಫೈಲು ಅದು. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ, ವಾರದ ವಾಡಿಕೆಯಂತೆ ಕಂಪ್ಯೂಟರ್ ತಾನೇ ಮರುಚಾಲನೆ ಆಗಿದೆ. ಮರುನಿಮಿಷವೇ ಬೀಗ ಬರೆದಿದೆ: ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಾಗಿದೆ. ಅಕ್ಕ ಪರದೆಯ ಮೂಲೆ ನೋಡುತ್ತಾರೆ. ಇವತ್ತಿನ ತಾರೀಖು ಸರಿಯಾಗೇ ಇದೆ. ಕನ್ನಡಕ ತೆಗೆದು ಒರೆಸಿ, ಬಾಗಿಲ ಕಡೆ ನೋಡದೆಯೇ ಕೇಳುತ್ತಾರೆ.

"ಪೆನ್ಸಿಲಣ್ಣ, ಶನಿವಾರ ಸಂಜೆ ಕೊನೆಗೆ ಎದ್ದು ಹೋದವರು ಯಾರು?"

ಪೆನ್ಸಿಲಣ್ಣ ಎಂದರೆ ಬಾಗಿಲಲ್ಲಿರುವ ಹಿರಿಯ ನಕ್ಷೆಗಾರರು. ಅಕ್ಕನ ಜತೆ ಟ್ರೇಸರ್ ಆಗಿದ್ದವರು. ಪರೀಕ್ಷೆ ಪಾಸಾಗಿ ಪರದೆಗೆ ಹೋದರೂ ಕಿವಿಯ ಸಂದಿನ ಪೆನ್ಸಿಲ್ ಬಿಡದವರು. ನಿವೃತ್ತಿಗೆ ಐದು ತಿಂಗಳಿದೆ. ಅವರು ಕಿವಿಯಿಂದ ಪೆನ್ಸಿಲ್ ತೆಗೆಯುತ್ತಾರೆ, ನೋಡುತ್ತಾರೆ, ಮತ್ತೆ ಅಲ್ಲೇ ಸಿಕ್ಕಿಸುತ್ತಾರೆ.

"ನಾನೇ ಕಣಮ್ಮ."

"ತಾರೀಖು ಮುಟ್ಟಿದ್ರಾ?"

"ಎರಡೇ ನಿಮಿಷ."

ಅವರು ಹೀಗೇಕೆ ಮಾಡಿದರು ಎಂಬುದು ಈ ಕಚೇರಿಯವರಿಗೆ ಬಿಟ್ಟರೆ ಬೇರೆಯವರಿಗೆ ಹೊಳೆಯುವಂಥದ್ದಲ್ಲ. ಪ್ರತಿ ನಕ್ಷೆಯ ಬಲ ಮೂಲೆಯಲ್ಲಿ ಒಂದು ಚೌಕವಿದೆ: ಬರೆದವರು, ನೋಡಿದವರು, ಒಪ್ಪಿದವರು, ದಿನಾಂಕ. ನಿಯಮದ ಪ್ರಕಾರ ಆ ದಿನಾಂಕ, ಜಾಗವನ್ನು ಅಳೆದ ದಿನದ್ದಾಗಿರಬೇಕು. ಕೈಯಲ್ಲಿ ಬರೆಯುವ ಕಾಲದಲ್ಲಿ ಟ್ರೇಸರ್‌ಗಳು ಅಳತೆ ಪುಸ್ತಕ ನೋಡಿ ಅದನ್ನೇ ಬರೆಯುತ್ತಿದ್ದರು. ಈಗ ಆ ಚೌಕವನ್ನು ಕಂಪ್ಯೂಟರ್ ತಾನೇ ತುಂಬುತ್ತದೆ, ಮುದ್ರಣದ ದಿನದ ತಾರೀಖಿನಿಂದ. ಎರಡೂ ತಾಳೆಯಾಗದ ಹಾಳೆ ಸಹಿಯಾಗದೆ ವಾಪಸ್ ಬರುತ್ತದೆ. ಆದ್ದರಿಂದ ನಕ್ಷೆಗಾರರು ಯಾರಿಗೂ ಹೇಳದೆ ಮುದ್ರಣ ಕೋಣೆಗಿಳಿದು, ಕಂಪ್ಯೂಟರಿನ ತಾರೀಖನ್ನು ಅಳತೆಯ ದಿನಕ್ಕೆ ತಳ್ಳಿ, ಹಾಳೆ ತೆಗೆದು, ಮತ್ತೆ ಸರಿಮಾಡಿ ಮೇಲೆ ಹೋಗುತ್ತಾರೆ. ಆ ಕಂಪ್ಯೂಟರಿನೊಳಗೇ ಬೀಗ ಇರುವುದು. ತಾರೀಖು ಮುಟ್ಟಿದವರಿಗೆ ಮೆಮೊ ಎಂದು ಹೋದ ವರ್ಷ ಸುತ್ತೋಲೆಯೂ ಹೊರಟಿದೆ. ಅದರ ಫಲ ಇಷ್ಟೇ: ಮುಟ್ಟುವುದು ನಿಲ್ಲಲಿಲ್ಲ, ಹೇಳುವುದು ನಿಂತಿತು.

ಪೆನ್ಸಿಲಣ್ಣ ಶನಿವಾರ ಬೇರೊಂದು ಬೀದಿಯ ಹಾಳೆಗಾಗಿ ತಾರೀಖನ್ನು ಗುರುವಾರಕ್ಕೆ, ಅಂದರೆ ಐದನೇ ತಾರೀಖಿಗೆ ಒಯ್ದಿದ್ದಾರೆ. ವಾಪಸ್ ತರುವಾಗ ಶನಿವಾರದ ಏಳು ಎಂದು ಸರಿಯಾಗೇ ಒತ್ತಿದ್ದಾರೆ, ತಿಂಗಳು ಮಾತ್ರ ಒಂದು ಮುಂದೆ ಹೋಗಿದೆ. ಹತ್ತು ನಿಮಿಷ ಬಿಟ್ಟು ಗಮನಿಸಿ ಸರಿಮಾಡಿದ್ದಾರೆ.

"ಸರಿ ಮಾಡಿದ್ನಲ್ಲ. ಮತ್ತೇನಂತೆ ಅದಕ್ಕೆ?"

"ಹತ್ತು ನಿಮಿಷ ಈ ಕಂಪ್ಯೂಟರ್ ಮುಂದಿನ ತಿಂಗಳಲ್ಲಿತ್ತು ಅಣ್ಣ. ಆ ಹತ್ತು ನಿಮಿಷದಲ್ಲಿ ಅದು ಸುಮ್ನೆ ಕೂತಿರುತ್ತಾ? ಏನೋ ಬರೆದಿರುತ್ತೆ. ಆ ಫೈಲ್ ಮೇಲೆ ಮುಂದಿನ ತಿಂಗಳ ತಾರೀಖು ಬಿದ್ದಿರುತ್ತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿಟ್ಟ ಹಾಗೆ. ಈಗ ಬೀಗ ಆ ಕುಲಾವಿ ನೋಡಿ, ಕೂಸೆಲ್ಲಿ ಅಂತ ಕೇಳ್ತಿದೆ."

ಲೈಸೆನ್ಸಿಗೆ ಕೊನೆಯ ದಿನ ಎಂಬುದೊಂದಿರುತ್ತದೆ. ತಾರೀಖು ಹಿಂದಕ್ಕೆ ತಳ್ಳುತ್ತಾ ಆ ದಿನ ಬರದಂತೆ ನೋಡಿಕೊಳ್ಳುವ ಚಾಲಾಕಿಗಳೂ ಇರುತ್ತಾರೆ. ಹಾಗಾಗಿ ಬೀಗ ಗಡಿಯಾರವೊಂದನ್ನೇ ನಂಬುವುದಿಲ್ಲ, ಫೈಲುಗಳನ್ನೂ ನೋಡುತ್ತದೆ. ಇನ್ನೂ ಬಾರದ ದಿನದ ಫೈಲು ಕಂಡರೆ, ಯಾರೋ ಕಾಲವನ್ನು ಹಿಂದಕ್ಕೆ ಎಳೆದಿದ್ದಾರೆ ಎಂದು ತೀರ್ಮಾನಿಸಿ ಹನ್ನೆರಡೂ ಕೀಲಿಕೈ ಮಡಿಲಿಗೆ ಹಾಕಿಕೊಳ್ಳುತ್ತದೆ. ತಯಾರಕ ಕಂಪನಿಗೆ ಬರೆದರೆ ಹೊಸ ಲೈಸೆನ್ಸ್ ಫೈಲು ಬರುತ್ತದೆ, ಆದರೆ ಅಲ್ಲಿಯವರು ಫೋನ್ ಎತ್ತುವುದು ಹತ್ತು ಗಂಟೆಗೆ. ಕೈಯಲ್ಲಿರುವುದು ಎರಡು ಗಂಟೆಗೂ ಕಡಿಮೆ.

ಅಕ್ಕ ಹುಡುಕಾಟಕ್ಕೆ ಹಾಕುತ್ತಾರೆ: ಇವತ್ತಿನ ನಂತರದ ತಾರೀಖಿನ ಫೈಲುಗಳೆಲ್ಲ. ಡಿಸ್ಕ್ ಹಳೆಯದು, ಮುದುಕರು ಮೆಟ್ಟಿಲು ಹತ್ತುವ ಹಾಗೆ ನಿಂತು ನಿಂತು ಹೋಗುತ್ತದೆ. ಈ ನಡುವೆ ಮನೆಯಿಂದ ಅತ್ತೆಯ ಫೋನು.

"ಏನೇ, ಬೀಗ ತೆಗೀತಾ?"

"ಇನ್ನೂ ಇಲ್ಲ ಅತ್ತೆ."

"ನಮ್ಮನೇದೂ ತೆಗೀತಿಲ್ಲ. ಬಾಗಿಲು ತಾನೇ ಮುಚ್ಕೊಂಡ್ಬಿಟ್ಟಿದೆ, ಒಳಗಿಂದ ತೆಗೆಯೋಕೂ ಕೀ ಬೇಕು. ಕೀ ನಿನ್ನ ಬ್ಯಾಗಲ್ಲಿದ್ಯಂತೆ. ನಿನ್ನ ಗಂಡ ಹಾಲು ತಂದು ಹೊರಗೆ ನಿಂತಿದಾನೆ, ನಾನು ಒಳಗೆ ಕೂತಿದೀನಿ. ಕಿಟಕಿ ಮೂಲಕ ಮಾತಾಡ್ತಾ ಇದೀವಿ."

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಗಂಡನಿಗೆ ಇದೇನೂ ಹೊಸದಲ್ಲ. ಕಚೇರಿಯ ಹನ್ನೆರಡು ಕೀಲಿಕೈ ಕಾಯುವ ಹೆಂಡತಿ ಮನೆಯದೊಂದನ್ನು ವಾರಕ್ಕೊಮ್ಮೆಯಾದರೂ ಕಳೆಯುತ್ತಾರೆ. ಗಂಡ ಕಿಟಕಿಯ ಸರಳಿನಲ್ಲಿ ಹಾಲಿನ ಪಾಕೀಟು ತೂರಿಸಿ, ಪಕ್ಕದ ಮನೆಯಲ್ಲಿ ಇಟ್ಟಿರುವ ಇನ್ನೊಂದು ಕೀ ತರಲು ಹೋಗಿದ್ದಾರೆ ಎಂಬ ವರದಿಯೂ ಅತ್ತೆಯಿಂದಲೇ ಬರುತ್ತದೆ.

ಆರೂ ನಲವತ್ತಕ್ಕೆ ಎರಡು ಫೈಲು ಸಿಗುತ್ತವೆ. ಎರಡರ ಮೇಲೂ ಮುಂದಿನ ತಿಂಗಳ ಏಳನೇ ತಾರೀಖು. ಅಕ್ಕ ಅವನ್ನು ಅಳಿಸುವುದಿಲ್ಲ. ತಾರೀಖು ಮಾತ್ರ ಇವತ್ತಿನದಕ್ಕೆ ತಿದ್ದುತ್ತಾರೆ. ಬೀಗವನ್ನು ಮತ್ತೆ ಚಾಲೂ ಮಾಡುತ್ತಾರೆ. ಪರದೆ ಅದೇ ಸಾಲು ಹೇಳುತ್ತದೆ. ಪೆನ್ಸಿಲಣ್ಣ ಗೋಡೆಗೆ ಒರಗುತ್ತಾರೆ. "ಮೇಸ್ತ್ರಿಗೆ ಫೋನ್ ಮಾಡಿ ಬೇಡ ಅಂದ್ಬಿಡ್ಲಾ? ನನ್ನಿಂದ ಆಸ್ಪತ್ರೆಗೆ ಇನ್ನೊಂದು ವಾರ ಬಕೆಟ್ ನೀರು."

"ಸ್ವಲ್ಪ ತಡೀರಿ. ಆ ಹತ್ತು ನಿಮಿಷ ನೀವು ಏನು ಮಾಡ್ತಿದ್ರಿ ಹೇಳಿ. ಏ. ಮಾ. ಅನ್ಬೇಡಿ."

"ಹಾಳೆ ಅರ್ಧಕ್ಕೆ ನಿಂತಿತ್ತು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದೆ."

ಅಕ್ಕನಿಗೆ ಅಷ್ಟು ಸಾಕು. ಅರ್ಧಕ್ಕೆ ನಿಂತ ಕೆಲಸವನ್ನು ಪ್ರಿಂಟರ್ ತನ್ನದೇ ಒಂದು ಮೂಲೆಯಲ್ಲಿ ಅಡಗಿಸಿಟ್ಟುಕೊಳ್ಳುತ್ತದೆ; ಮಾಮೂಲು ಹುಡುಕಾಟಕ್ಕೆ ಆ ಮೂಲೆ ಕಾಣುವುದಿಲ್ಲ. ಅದನ್ನು ಕೈಯಾರೆ ತೆರೆದಾಗ ಗಂಟೆ ಏಳೂ ಎರಡು. ಮೂರನೇ ಫೈಲು ಅಲ್ಲಿದೆ. ತಾರೀಖು ತಿದ್ದಿ, ಬೀಗ ಚಾಲೂ ಮಾಡಿ, ಕೈ ಕಟ್ಟಿ ಕೂರುತ್ತಾರೆ. ಪರದೆಯ ಮೇಲೆ ಒಂದೊಂದಾಗಿ ಹನ್ನೆರಡು ಸಾಲು ಮೂಡುತ್ತವೆ. ಪೆನ್ಸಿಲಣ್ಣ ಮಕ್ಕಳ ಹಾಗೆ ಗಟ್ಟಿಯಾಗಿ ಎಣಿಸುತ್ತಾರೆ. ಹನ್ನೆರಡಕ್ಕೆ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತು, ಆಸ್ಪತ್ರೆ ರಸ್ತೆಯ ನಕ್ಷೆ ತೆರೆಯುತ್ತಾರೆ. ಕೂತವರ ಕೈ ಅಭ್ಯಾಸಬಲದಿಂದ ಪರದೆಯ ಮೂಲೆಯ ತಾರೀಖಿನ ಕಡೆ ಹೋಗುತ್ತದೆ.

"ಅಣ್ಣಾ!"

"ಅಲ್ಲಮ್ಮ, ಗುರುವಾರದ ಅಳತೆ. ಇವತ್ತಿನ ತಾರೀಖು ಬಿದ್ರೆ ಇಂಜಿನಿಯರ್ ಮೇಡಂ ಸಹಿ ಹಾಕಲ್ಲ. ಒಂದೇ ನಿಮಿಷ..."

"ಕೈ ತೆಗೀರಿ. ಇದ್ದ ಹಾಗೇ ಪ್ರಿಂಟ್ ಕೊಡಿ."

ಹಾಳೆ ಹೊರಬರಲು ಹನ್ನೊಂದು ನಿಮಿಷ. ಅಷ್ಟರಲ್ಲಿ ಅಕ್ಕ ಬ್ಯಾಗಿನ ತಳದಿಂದ ಒಂದು ಹಳೇ ಕನ್ನಡಕದ ಡಬ್ಬಿ ತೆಗೆಯುತ್ತಾರೆ. ಒಂದು ಕಾಲಕ್ಕೆ ಕೀಲಿಕೈ ಇಡುತ್ತಿದ್ದ ಡಬ್ಬಿಗಳಲ್ಲಿ ಉಳಿದದ್ದು ಇದೊಂದು. ಅದರೊಳಗೆ ಅವರ ಟ್ರೇಸಿಂಗ್ ಪೆನ್ನಿದೆ. ಮನೆಯಲ್ಲಿ ಆಗಾಗ ತೊಳೆದು, ಮಸಿ ತುಂಬಿ, ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ನೋಡಿ ಮತ್ತೆ ಮುಚ್ಚಿಡುವುದು ಅವರ ರೂಢಿ. ಕಚೇರಿಯ ಹಾಳೆಯ ಮೇಲೆ ಅದು ಇಳಿದು ಹತ್ತೊಂಬತ್ತು ವರ್ಷವಾಗಿದೆ. ಹಾಳೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನೋಟ್‌ಬುಕ್‌ಗಳನ್ನು ಹೇರಿ, ಕಂಪ್ಯೂಟರ್ ತುಂಬಿದ ಇವತ್ತಿನ ದಿನಾಂಕದ ಪಕ್ಕ 'ಮುದ್ರಣ' ಎಂದೂ, ಅದರ ಕೆಳಗೆ 'ಅಳತೆ: ಗುರುವಾರ, ತಾ. 5' ಎಂದೂ ಬರೆಯುತ್ತಾರೆ.

ಏಳೂ ಮೂವತ್ತೈದಕ್ಕೆ ಸಹಿ ಹಾಕುವ ಇಂಜಿನಿಯರ್ ಮೇಡಂ ಮೆಟ್ಟಿಲಿಳಿದು ಬರುತ್ತಾರೆ, ಅವರ ಹಿಂದೆಯೇ ಮೇಸ್ತ್ರಿ. ಮೇಡಂ ಅಳತೆ ಪುಸ್ತಕದ ಪುಟ ತೆರೆದು ತಾಳೆ ನೋಡುತ್ತಾರೆ. ಬೆರಳು ಮೂಲೆಯ ಚೌಕದಲ್ಲಿ ನಿಲ್ಲುತ್ತದೆ.

"ಚೌಕದ ನಮೂನೆ ಯಾವಾಗ ಬದಲಾಯ್ತು? ನನಗೆ ಆರ್ಡರ್ ಬಂದಿಲ್ಲವಲ್ಲ."

"ಬದಲಾಗಿಲ್ಲ ಮೇಡಂ. ಆ ಸಾಲು ನಾನು ಬರೆದದ್ದು."

ಮೇಡಂ ಹಾಳೆಯನ್ನು ದೀಪಕ್ಕೆ ಓರೆ ಹಿಡಿದು, ಮಸಿಯ ಹೊಳಪು ನೋಡಿದ ಮೇಲೆ ನಂಬುತ್ತಾರೆ. "ಅಚ್ಚಾಗಿದೆ ಅನ್ಕೊಂಡೆ." ಕೈಬರಹದ ತಿದ್ದುಪಡಿಗೆ ಸಣ್ಣ ಸಹಿ, ನಕ್ಷೆಗೆ ದೊಡ್ಡ ಸಹಿ. ಆಮೇಲೆ ಫೋನ್ ತೆಗೆದು ಮೂಲೆಯ ಫೋಟೊ ಹೊಡೆಯುತ್ತಾರೆ. "ಎರಡು ಸಾಲು ಬೇಕು ಅಂತ ನೀವು ಮೂರು ವರ್ಷದಿಂದ ಬರೀತಿದ್ದ ಅರ್ಜಿ ಇದೇನಾ? ಓದಿದಾಗ ಅರ್ಥ ಆಗಿರಲಿಲ್ಲ. ಈಗ ಕಣ್ಣಿಗೆ ಕಾಣ್ತಿದೆ. ಇದನ್ನೇ ಲಗತ್ತಿಸಿ ಮೇಲಕ್ಕೆ ಕಳಿಸ್ತೀನಿ. ಆಗುತ್ತೆ ಅಂತ ಮಾತ್ರ ಹೇಳಲ್ಲ."

ಏಳೂ ನಲವತ್ತಾರಕ್ಕೆ ಹಾಳೆ ಸುರುಳಿಯಾಗಿ ಮೇಸ್ತ್ರಿಯ ಕಂಕುಳು ಸೇರುತ್ತದೆ. ಹತ್ತೂವರೆಗೆ ಅವರ ಫೋನು: "ಅಕ್ಕಾ, ಕೇಬಲ್ ನೀವು ಹೇಳಿದ ಕಡೆನೇ ಮಲಗಿದೆ. ಎರಡು ಗೇಣು ಬಿಟ್ಟು ಅಗೀತಾ ಇದೀವಿ." ಹನ್ನೆರಡೂ ನಲವತ್ತಕ್ಕೆ ಆಸ್ಪತ್ರೆಯ ಮೇಲಿನ ಮಹಡಿಯ ನಲ್ಲಿಗಳಲ್ಲಿ ನೀರು ಬರುತ್ತದೆ. ಆ ಹೊತ್ತಿಗೆ ಬೀಗದಕ್ಕ, ನಕ್ಷೆ ತೆರೆದಿಟ್ಟು ಊಟಕ್ಕೆ ಹೋದ ಮೂವರನ್ನು ಹುಡುಕಿಕೊಂಡು ಕ್ಯಾಂಟೀನಿನಲ್ಲಿದ್ದಾರೆ.

ಅವರ ಹುದ್ದೆಗೆ ಇನ್ನೂ ಸರಿಯಾದ ಹೆಸರಿಲ್ಲ. ಕಡತದಲ್ಲಿ ಈಗಲೂ 'ಟ್ರೇಸರ್, ಉಗ್ರಾಣ' ಎಂದೇ ಇದೆ. ಅದರ ಬಗ್ಗೆ ಬೇಸರವೇ ಎಂದರೆ ಭುಜ ಕುಣಿಸುತ್ತಾರೆ. "ಎಲ್ಲಾ ಸರಿಯಿದ್ದ ದಿನ ನಾನಿದೀನಿ ಅನ್ನೋದೇ ಯಾರಿಗೂ ನೆನಪಿರಲ್ಲ. ಅಂಥ ದಿನಗಳೇ ಜಾಸ್ತಿ. ಒಳ್ಳೇದೇ ಅಲ್ವಾ?" ಬೇಕಿರುವುದು ಮೂಲೆಯ ಚೌಕದಲ್ಲಿ ಎರಡು ಸಾಲು, ಅಷ್ಟೇ. "ಅಳೆದ ದಿನಕ್ಕೊಂದು, ಪ್ರಿಂಟಾದ ದಿನಕ್ಕೊಂದು. ಆಮೇಲೆ ಯಾರೂ ಗಡಿಯಾರದ ಕಿವಿ ಹಿಂಡಬೇಕಾಗಿಲ್ಲ, ಪಾಪ, ಸುಳ್ಳೂ ಹೇಳಬೇಕಾಗಿಲ್ಲ."

ಸಂಜೆ ಏಳನೇ ನೋಟ್‌ಬುಕ್ಕಿನ ಬಲಗಡೆ ಅವರು ಬರೆಯುತ್ತಾರೆ: 'ತಾರೀಖು ಮುಂದಿನ ತಿಂಗಳಿಗೆ ಹೋಗಿತ್ತು. ಮೂರು ಫೈಲು. ಮೂರನೆಯದು ಪ್ರಿಂಟರಿನ ಬಳಿ.' ಯಾರು ಎಂದಿಲ್ಲ. ಬೆಳಿಗ್ಗೆ ಬರೆದಿದ್ದ ಏ. ಮಾ. ಮೇಲೆ ಒಂದು ಗೆರೆ ಎಳೆಯುತ್ತಾರೆ. ಮೇಡಂ ಕಳಿಸಿದ ಮೂಲೆಯ ಫೋಟೊ ಅವರ ಫೋನಿಗೂ ಬಂದಿದೆ. ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕನ್ನಡಕ ಮೇಲೇರಿಸಿ, ಬೇರೆಯವರ ಕೆಲಸ ತಪಾಸಣೆ ಮಾಡುವವರ ಹಾಗೆ ತುಂಬ ಹೊತ್ತು ನೋಡುತ್ತಾರೆ.

"ಗುರುವಾರದ 'ಗು' ಸ್ವಲ್ಪ ಓರೆಯಾಯ್ತು. ಸ್ಟೂಲು ಗಿಡ್ಡ," ಎನ್ನುತ್ತಾರೆ. ಇನ್ನೊಮ್ಮೆ ನೋಡುತ್ತಾರೆ. "ಉಳಿದದ್ದು ಪರವಾಗಿಲ್ಲ."